ಆಟದೊಳಗಿನ ನಂಟು ನಂಬುವಂತಿರಲು: ಕಥಾಪ್ರಧಾನ ವಿಡಿಯೋ ಗೇಮ್ ಬರೆಯುವವರಿಗೆ ಒಂದು ಮಾರ್ಗದರ್ಶಿ

ಕಥಾಪ್ರಧಾನ ವಿಡಿಯೋ ಗೇಮ್ ಬರೆಯಲು ಹೊರಟ ಓದುಗರು ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಎರಡು ಪಾತ್ರಗಳ ನಡುವೆ ಗಾಢವಾದ ಸ್ನೇಹವಿದೆ ಎಂದು, ಅಥವಾ ಅಕ್ಕ ತಮ್ಮಂದಿರ ಮಮತೆಯಿದೆ ಎಂದು ಸಂಭಾಷಣೆಯಲ್ಲಿ ಎಷ್ಟೇ ಮನಸ್ಸಿಟ್ಟು ಬರೆದರೂ ಆಡಿದವರಿಗೆ ಅದು ತಟ್ಟುವುದಿಲ್ಲ. ಜೊತೆಗಾರ್ತಿ ಸತ್ತಾಗ ಆಟಗಾರ ಮರುಗುವ ಬದಲು, ಸದ್ಯ ಇನ್ನು ಇವಳನ್ನು ಕಾಯುವ ಕೆಲಸ ತಪ್ಪಿತು ಎಂದು ಹಗುರಾಗುತ್ತಾನೆ. ಹೀಗೇಕೆ ಆಗುತ್ತದೆ, ಸರಿಪಡಿಸುವುದು ಹೇಗೆ ಎಂಬುದನ್ನು ಒಂದೆಡೆ ಬಿಡಿಸಿ ಬರೆಯುವುದು ಒಳ್ಳೆಯದೆನ್ನಿಸಿತು.

ಕಾದಂಬರಿಯ ಓದುಗ ಸಂಬಂಧವೊಂದನ್ನು ನೋಡುತ್ತಾನೆ; ಆಟಗಾರ ಅದನ್ನು ತಾನೇ ನಡೆಸುತ್ತಾನೆ. ಈ ಒಂದು ವ್ಯತ್ಯಾಸದಿಂದಲೇ ಉಳಿದೆಲ್ಲವೂ ಹೊರಡುತ್ತದೆ. ಎರಡು ಪಾತ್ರಗಳು ಒಂದಕ್ಕೊಂದು ಏನಾಗಬೇಕು ಎಂಬುದು ಆಟಗಾರನ ಬೆರಳಿಗೆ ಸಿಗುವ ಒಂದು ಕೆಲಸವಾಗಿ ಮೊದಲು ಬರಬೇಕು, ಆ ಕೆಲಸವನ್ನು ಆಟ ನೆನಪಿಟ್ಟುಕೊಳ್ಳಬೇಕು, ಮಾತು ಆಮೇಲೆ ಅದರ ಮೇಲೆ ಕೂರಬೇಕು. ಬಹಳಷ್ಟು ಜನ ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ತೊಂದರೆಯ ಬೇರು ಅಲ್ಲಿದೆ.

ಮುಂದೆ ಹೋಗುವ ಮುನ್ನ ಕೆಲವು ಪದಗಳ ಅರ್ಥ ಹೇಳಿಬಿಡುತ್ತೇನೆ. ಆಟಗಾರ ನಡೆಸದ, ಆಟದ ಪ್ರೋಗ್ರಾಮೇ ನಡೆಸುವ ಪಾತ್ರವನ್ನು ಎನ್‌ಪಿಸಿ ಎನ್ನುತ್ತಾರೆ. ಆಟಗಾರನ ಕೈ ಕಟ್ಟಿಹಾಕಿ ತೋರಿಸುವ ಸಿನಿಮಾದಂಥ ದೃಶ್ಯ ಕಟ್‌ಸೀನ್. ಆಟದಲ್ಲಿ ಆಟಗಾರ ಮತ್ತೆ ಮತ್ತೆ ಮಾಡುವ, ನಿಯಮಕ್ಕೆ ಒಳಪಟ್ಟ ಕ್ರಿಯೆ ಮೆಕ್ಯಾನಿಕ್: ಹಾರುವುದು, ಬಾಗಿಲು ತಳ್ಳುವುದು, ಕೈ ಹಿಡಿಯುವುದು. ನಡೆಯುವಾಗ, ಕಾದಾಡುವಾಗ ಪಾತ್ರಗಳು ಆಡುವ ಒಂದೆರಡು ಪದದ ಬಿಡಿಮಾತುಗಳಿಗೆ ಬಾರ್ಕ್ ಎಂಬ ಹೆಸರಿದೆ. ಆಟ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ಒಂದು ಮೌಲ್ಯ ವೇರಿಯಬಲ್. ಅದು ಬರೀ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುವಂತಿದ್ದರೆ ಫ್ಲ್ಯಾಗ್. ಪೂರ್ತಿಯಾಗದ ಆಟವನ್ನು ಬೇರೆಯವರಿಂದ ಆಡಿಸಿ ನೋಡುವುದು ಪ್ಲೇಟೆಸ್ಟ್.

ಏನೇನು ಬೇಕು

ದೊಡ್ಡ ತಂಡವಾಗಲಿ, ದುಬಾರಿ ಸಾಫ್ಟ್‌ವೇರ್ ಆಗಲಿ ಬೇಕಿಲ್ಲ. ಒಂದು ಹಾಳೆ ಕಾಗದ, ಆಟಗಾರನ ಆಯ್ಕೆಗೆ ತಕ್ಕಂತೆ ಕವಲೊಡೆಯುವ ಕಥೆಯನ್ನು ಬರೆದು ಆಡಿಸಿ ನೋಡಲು ಒಂದು ಉಪಕರಣ, ಮತ್ತು ನಿಮ್ಮ ಕಥೆಯ ಬಗ್ಗೆ ಏನೂ ತಿಳಿಯದ ಮೂರು ನಾಲ್ಕು ಜನ ಇದ್ದರೆ ಸಾಕು. ಉಪಕರಣಗಳಲ್ಲಿ ಟ್ವೈನ್ 2009ರಿಂದ ಉಚಿತವಾಗಿ ಸಿಗುತ್ತಿದ್ದು, ಪ್ರೋಗ್ರಾಮಿಂಗ್ ಬಾರದವರಿಗೂ ಒಗ್ಗುತ್ತದೆ. ಆಟಗಳನ್ನು ತಯಾರಿಸುವ ಇಂಕಲ್ ಸಂಸ್ಥೆ ತಾನು ಬಳಸುತ್ತಿದ್ದ ಇಂಕ್ ಎಂಬ ಬರವಣಿಗೆ ಭಾಷೆಯನ್ನು 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಯಾರ್ನ್ ಸ್ಪಿನ್ನರ್, ರೆನ್‌ಪೈ ಕೂಡ ಇದೇ ಕೆಲಸಕ್ಕೆ ಬರುತ್ತವೆ. ಯಾವುದನ್ನು ಆರಿಸಿದರೂ ವೇರಿಯಬಲ್‌ಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಬಳಸುವುದನ್ನು ಮಾತ್ರ ಮೊದಲ ದಿನವೇ ಕಲಿತುಕೊಳ್ಳಿ. ಅದಿಲ್ಲದೆ ಐದನೆಯ ಹಂತ ಮಾಡಲಾಗುವುದಿಲ್ಲ.

ಉದಾಹರಣೆಗಾಗಿ ಒಂದು ಚಿಕ್ಕ ಆಟವನ್ನು ಕಲ್ಪಿಸಿಕೊಂಡು ಉದ್ದಕ್ಕೂ ಅದನ್ನೇ ಹಿಡಿದು ಹೋಗೋಣ. ಕುಸಿದ ಗಣಿಯೊಂದರ ಒಳಗೆ ಇಬ್ಬರು ಸಿಕ್ಕಿಬಿದ್ದಿದ್ದಾರೆ. ಶಾರದಾ ಐವತ್ತೈದರ ಹೆಂಗಸು, ಇಪ್ಪತ್ತು ವರ್ಷ ಅದೇ ಗಣಿಯಲ್ಲಿ ದುಡಿದವಳು, ಕಣ್ಣು ಈಗ ಮಂಜು. ಮನು ಹತ್ತೊಂಬತ್ತರ ಹುಡುಗ, ಗಣಿಯ ಒಳಗೆ ಕಾಲಿಟ್ಟಿದ್ದು ಇದೇ ಮೊದಲು, ಕೈಯಲ್ಲಿ ದೀಪವಿದೆ. ಆಟಗಾರ ನಡೆಸುವುದು ಮನುವನ್ನು.

ಮುಂದಿನ ಹಂತಗಳಲ್ಲಿ ಕೆಲವು ಹೆಸರಾಂತ ಆಟಗಳ ಕೊನೆಯ ಭಾಗಗಳ ಪ್ರಸ್ತಾಪವೂ ಬರುತ್ತದೆ. ಅವನ್ನು ಆಡದೆ ಉಳಿದವರು ಈ ಎಚ್ಚರಿಕೆಯನ್ನು ಗಮನಿಸಬೇಕು.

ಹಂತ 1: ಒಬ್ಬರಿಗೊಬ್ಬರು ಏಕೆ ಬೇಕು ಎಂಬುದನ್ನು ಬರೆಯಿರಿ

ಹಾಳೆಯ ನಡುವೆ ಒಂದು ಗೆರೆ ಎಳೆದು ಎರಡೂ ಪಾತ್ರಗಳಿಗೆ ನಾಲ್ಕು ಪ್ರಶ್ನೆಗಳನ್ನು ಹಾಕಿ. ಈ ವ್ಯಕ್ತಿಗೆ ಎದುರಿನವರಿಂದ ಏನು ಬೇಕು? ಅದು ಬೇರೆ ಯಾರಿಂದಲೂ ಏಕೆ ಸಿಗುವುದಿಲ್ಲ? ಎದುರಿನವರಿಂದ ಏನನ್ನು ಮುಚ್ಚಿಟ್ಟಿದ್ದಾರೆ? ಎದುರಿನವರ ಬಗ್ಗೆ ಯಾವ ತಪ್ಪು ತಿಳಿವಳಿಕೆ ಇಟ್ಟುಕೊಂಡಿದ್ದಾರೆ?

ಮನುವಿಗೆ ದಾರಿ ಬೇಕು; ದಾರಿ ಗೊತ್ತಿರುವುದು ಶಾರದಾಗೆ ಮಾತ್ರ. ಶಾರದಾಗೆ ಬೆಳಕು ಬೇಕು. ಗೋಡೆಯ ಮೇಲೆ ಕೆತ್ತಿದ ಗುರುತುಗಳನ್ನು ಅವಳು ಮಂಜುಗಣ್ಣಿನಲ್ಲಿ ಓದಲಾರಳು. ಆದರೆ ಮನು ಹೊರಬರಲು ನೋಡುತ್ತಿದ್ದರೆ, ಶಾರದಾ ಇನ್ನೂ ಆಳಕ್ಕೆ ಇಳಿಯಲು ನೋಡುತ್ತಿದ್ದಾಳೆ. ಹಳೆಯ ಕುಸಿತದಲ್ಲಿ ಸತ್ತ ಅವಳ ತಮ್ಮನನ್ನು ಆ ದಿನ ಕೆಳಗೆ ಕಳಿಸಿದವರಾರು ಎಂಬುದನ್ನು ಹೇಳುವ ಹಾಜರಿ ಪುಸ್ತಕ ಕೆಳಗಿನ ಮಟ್ಟದಲ್ಲಿದೆ. ಆ ಪುಸ್ತಕದಲ್ಲಿ ಸಹಿ ಇರುವುದು ತನ್ನ ತಂದೆಯದೆಂದು ಮನುವಿಗೆ ಗೊತ್ತು, ಅದನ್ನು ಅವನು ಹೇಳಿಲ್ಲ. ಈ ಹುಡುಗ ದಾರಿ ತಪ್ಪಿ ಬಂದವನು ಎಂಬುದು ಶಾರದಾಳ ತಪ್ಪು ತಿಳಿವಳಿಕೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಹಾಳೆಯ ಒಂದು ಬದಿ ಮಾತ್ರ ತುಂಬುವುದು. ಆಟಗಾರ ನಡೆಸುವ ಪಾತ್ರಕ್ಕೆ ಜೊತೆಗಾರ್ತಿಯಿಂದ ಏನೂ ಬೇಡ, ಅವಳಿಗೆ ಮಾತ್ರ ಎಲ್ಲವೂ ಬೇಕು ಎಂದಾದರೆ ಅವಳು ಸಾಮಾನು ಹೊತ್ತ ಗಾಡಿಯಂತೆ ಆಗಿಬಿಡುತ್ತಾಳೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಎದುರಿನವರು ಆಟಗಾರನನ್ನು ಮೆಚ್ಚುವುದಕ್ಕಾಗಿಯೇ ಹುಟ್ಟಿದಂತೆ ಇರುವುದು. ಆಟಗಾರ ಬಾರದಿದ್ದರೂ ಈ ಮನುಷ್ಯ ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಪಾತ್ರ ಇನ್ನೂ ಹುಟ್ಟಿಲ್ಲವೆಂದೇ ತಿಳಿಯಿರಿ.

ಹಂತ 2: ಸಂಬಂಧವನ್ನು ಕೈಯ ಕೆಲಸವಾಗಿ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಿಮ್ಮ ಸಮಯದ ಅರ್ಧ ಭಾಗವನ್ನು ಇಲ್ಲಿ ಕಳೆದರೂ ಅದು ವ್ಯರ್ಥವಲ್ಲ.

2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ, ಫುಮಿತೊ ಉಯೆದಾ ನಿರ್ದೇಶಿಸಿದ ಐಕೊ ಆಟದಲ್ಲಿ ಕೊಂಬುಳ್ಳ ಹುಡುಗನೊಬ್ಬ ಯೋರ್ಡಾ ಎಂಬ ಹುಡುಗಿಯನ್ನು ಕೋಟೆಯಿಂದ ಹೊರಗೆ ಕರೆದೊಯ್ಯಬೇಕು. ಇಬ್ಬರ ಭಾಷೆ ಬೇರೆ ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದ್ದರಿಂದ ಸಂಬಂಧದ ಭಾರವೆಲ್ಲ ಒಂದು ಗುಂಡಿಯ ಮೇಲೆ ಬೀಳುತ್ತದೆ: ಅದನ್ನು ಒತ್ತಿದರೆ ಹುಡುಗ ಅವಳನ್ನು ಕರೆಯುತ್ತಾನೆ, ಹತ್ತಿರವಿದ್ದರೆ ಕೈ ಹಿಡಿಯುತ್ತಾನೆ, ಒತ್ತಿ ಹಿಡಿದಷ್ಟು ಹೊತ್ತು ಕೈ ಬಿಡುವುದಿಲ್ಲ. ಆಡಿದಷ್ಟನ್ನು ಸೇವ್ ಮಾಡಿ ಉಳಿಸಿಕೊಳ್ಳಬೇಕಾದರೂ ಇಬ್ಬರೂ ಒಟ್ಟಿಗೆ ಕಲ್ಲಿನ ಆಸನದ ಮೇಲೆ ಕೂರಬೇಕು. ಗಂಟೆಗಟ್ಟಲೆ ಆಡಿದ ಮೇಲೆ ಆ ಬೆರಳಿಗೆ ಒಂದು ಅಭ್ಯಾಸವಾಗಿರುತ್ತದೆ, ಅವಳು ಪಕ್ಕದಲ್ಲಿಲ್ಲದಾಗ ಬೆರಳೇ ಮೊದಲು ಅದನ್ನು ಗುರುತಿಸುತ್ತದೆ.

2013ರ ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್ ಆಟ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಆಟ ನಡೆಸಲು ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡ ಭಾಗ ಅಣ್ಣನದು, ಬಲ ಭಾಗ ತಮ್ಮನದು. ತಮ್ಮನಿಗೆ ನೀರೆಂದರೆ ಭಯ, ಆದ್ದರಿಂದ ನೀರು ಬಂದಾಗಲೆಲ್ಲ ಅವನು ಅಣ್ಣನ ಬೆನ್ನನ್ನು ಹಿಡಿದುಕೊಂಡು ದಾಟುತ್ತಾನೆ. ಅಣ್ಣ ತೀರಿಹೋದ ಮೇಲೆ ತಮ್ಮ ಒಬ್ಬನೇ ನೀರಿನ ಮುಂದೆ ನಿಲ್ಲುತ್ತಾನೆ. ಬಲಗೈಯಿಂದ ಏನು ಮಾಡಿದರೂ ಅವನು ಇಳಿಯುವುದಿಲ್ಲ. ಅಷ್ಟು ಹೊತ್ತು ಸುಮ್ಮನೆ ಉಳಿದಿದ್ದ ಎಡಗೈಯ, ಅಣ್ಣನ ಗುಂಡಿಯನ್ನು ಒತ್ತಿದಾಗ ಮಾತ್ರ ಅವನಿಗೆ ಧೈರ್ಯ ಬರುತ್ತದೆ. ಆ ಕ್ಷಣದಲ್ಲಿ ಯಾರೂ ಒಂದು ಮಾತನ್ನೂ ಆಡಬೇಕಿಲ್ಲ. ಅಣ್ಣನ ಗುಂಡಿಗೆ ಅಲ್ಲಿಯವರೆಗೆ ಒಂದು ಕೆಲಸವಿತ್ತು ಎಂಬುದರಿಂದಲೇ ಇದು ಸಾಧ್ಯವಾಯಿತು.

ಈಗ ನಮ್ಮ ಗಣಿಗೆ ಬರೋಣ. ಗಣಿಯಲ್ಲಿ ಅನುಭವವಿದ್ದವರು ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ಕುಟ್ಟಿ ಅದರ ಸದ್ದು ಕೇಳುತ್ತಾರೆ. ಗಟ್ಟಿ ಬಂಡೆ ಖಣಿಲೆನ್ನುತ್ತದೆ, ಸಡಿಲಾದದ್ದು ಟೊಳ್ಳಾಗಿ ಸದ್ದು ಮಾಡುತ್ತದೆ. ಶಾರದಾ ಮುಂದೆ ನಡೆಯುತ್ತಾಳೆ, ಒಂದು ಕೈ ಗೋಡೆಯ ಮೇಲೆ. ಅವಳು ಸಲಾಕೆ ಎತ್ತಿದಾಗ ಮನು ನಿಲ್ಲಬೇಕು, ಹೆಜ್ಜೆಯ ಸದ್ದಿದ್ದರೆ ಅವಳಿಗೆ ಕೇಳಿಸದು. ಗುರುತು ಇರುವ ಕಡೆ ಅವಳು ದೀಪ ಕೇಳುತ್ತಾಳೆ, ಆಟಗಾರ ಗುಂಡಿ ಒತ್ತಿ ದೀಪವನ್ನು ಎತ್ತಿ ಹಿಡಿಯಬೇಕು, ಅವಳು ಓದಿ ಮುಗಿಸುವವರೆಗೆ ಬಿಡಬಾರದು. ನಿಲ್ಲುವುದು ಮತ್ತು ದೀಪ ಎತ್ತುವುದು: ಇಡೀ ಸಂಬಂಧಕ್ಕೆ ಈ ಎರಡು ಕೆಲಸ ಸಾಕು.

ಕೆಲಸವನ್ನು ಆರಿಸುವಾಗ ಮೂರು ವಿಷಯಗಳನ್ನು ನೋಡಿಕೊಳ್ಳಿ. ಅದು ಆಟದಲ್ಲಿ ಮತ್ತೆ ಮತ್ತೆ ಬರುವಂತಿರಬೇಕು, ಏಕೆಂದರೆ ಅಭ್ಯಾಸವಾಗದ ಕೆಲಸ ಮುರಿದರೆ ಯಾರಿಗೂ ನೋವಾಗುವುದಿಲ್ಲ. ಅದರ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುವಷ್ಟು ಸರಳವಾಗಿರಬೇಕು. ಮತ್ತು ಅದನ್ನು ಕಸಿದುಕೊಳ್ಳಲು ಬರಬೇಕು.

ಈ ಮೂರನೆಯದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ 2013ರ ದಿ ಲಾಸ್ಟ್ ಆಫ್ ಅಸ್ ಆಟದ ವಸಂತದ ಅಧ್ಯಾಯದಲ್ಲಿದೆ. ಆಟದುದ್ದಕ್ಕೂ ಎತ್ತರದ ಗೋಡೆ ಸಿಕ್ಕಾಗ ಆಟಗಾರ ನಡೆಸುವ ಜೋಯಲ್ ಗೋಡೆಗೆ ಬೆನ್ನು ಕೊಟ್ಟು ಕೈ ಜೋಡಿಸುತ್ತಾನೆ, ಎಲ್ಲೀ ಎಂಬ ಜೊತೆಗಾರ ಹುಡುಗಿ ಓಡಿಬಂದು ಅವನ ಕೈಮೇಲೆ ಕಾಲಿಟ್ಟು ಹತ್ತಿ ಮೇಲಿಂದ ಏಣಿ ಇಳಿಸುತ್ತಾಳೆ. ಅನೇಕ ಬಾರಿ ಹೀಗೇ ಆಗುತ್ತದೆ, ಆಟಗಾರ ಅದನ್ನು ಯೋಚಿಸದೆಯೇ ಮಾಡತೊಡಗಿರುತ್ತಾನೆ. ಆ ಅಧ್ಯಾಯದಲ್ಲಿ ಅದೇ ಗುಂಡಿ ಒತ್ತಿದಾಗ ಜೋಯಲ್ ಕೈ ಜೋಡಿಸಿ ನಿಲ್ಲುತ್ತಾನೆ, ಎಲ್ಲೀ ಬರುವುದಿಲ್ಲ. ಆಚೆ ಕುಳಿತು ಯಾವುದೋ ಯೋಚನೆಯಲ್ಲಿ ಮುಳುಗಿದ್ದಾಳೆ. ಹಿಂದಿನ ಚಳಿಗಾಲದಲ್ಲಿ ಅವಳ ಮೇಲೆ ಏನು ಕಳೆಯಿತೆಂಬುದನ್ನು ಆ ಬರದೆ ಉಳಿದ ಹೆಜ್ಜೆ ಹೇಳಿದಷ್ಟು ಸ್ಪಷ್ಟವಾಗಿ ಯಾವ ಸಂಭಾಷಣೆಯೂ ಹೇಳಲಾರದು. ಆಮೇಲೆ ಮೇಲೆ ಹತ್ತಿದ ಅವಳು ಏಣಿಯನ್ನು ಕೈಬಿಟ್ಟು ಏನನ್ನೋ ಕಂಡು ಓಡುತ್ತಾಳೆ. ಅವಳ ಹಿಂದೆ ಓಡಿದ ನಮಗೆ ಜಿರಾಫೆಗಳು ಕಾಣುತ್ತವೆ. ಹೊಸದಾಗಿ ಯಾವ ಮೆಕ್ಯಾನಿಕ್ಕನ್ನೂ ಇದಕ್ಕಾಗಿ ತಂದಿಲ್ಲ, ಇದ್ದದ್ದನ್ನು ಒಮ್ಮೆ ಮುರಿದರು, ಅಷ್ಟೆ.

ನಮ್ಮ ಆಟದಲ್ಲಿ ಹಾಜರಿ ಪುಸ್ತಕ ಸಿಕ್ಕು ಸಹಿ ಯಾರದೆಂದು ತಿಳಿದ ಮೇಲೆ ಶಾರದಾ ದೀಪ ಕೇಳುವುದನ್ನು ನಿಲ್ಲಿಸುತ್ತಾಳೆ. ಬೆಳಕಿನ ಅಂಚಿನಿಂದ ಆಚೆಗೆ ನಡೆಯುತ್ತಾಳೆ. ಆಟಗಾರ ದೀಪ ಎತ್ತಿದರೂ ತಿರುಗುವುದಿಲ್ಲ, ಗುರುತನ್ನು ಬೆರಳಿನಿಂದ ತಡವಿ ಓದಲು ನೋಡುತ್ತಾಳೆ. ಅಲ್ಲಿ ಕಟ್‌ಸೀನ್ ಬೇಡ. ದೀಪವನ್ನು ಎತ್ತಿ ಹಿಡಿದುಕೊಂಡೇ ನಿಂತ ಆಟಗಾರನ ಬೆರಳು ಸಾಕು.

ಹಂತ 3: ಜೊತೆಗಾರರು ಹೊರೆಯಾಗದಂತೆ ನೋಡಿಕೊಳ್ಳಿ

ಈ ಹಂತ ಬರವಣಿಗೆಗಿಂತ ಪ್ರೋಗ್ರಾಮಿಂಗಿಗೆ ಸೇರಿದ್ದು, ಆದರೂ ಬರೆಯುವವರು ಕಣ್ಣಿಡಬೇಕು. ಬಾಗಿಲಿಗೆ ಅಡ್ಡ ನಿಲ್ಲುವ, ಆಟಗಾರನಿಗಿಂತ ನಿಧಾನವಾಗಿ ನಡೆಯುವ, ಒಂದೇ ಮಾತನ್ನು ಹತ್ತು ಸಲ ಹೇಳುವ ಜೊತೆಗಾರನ ಕಥೆ ಎಷ್ಟೇ ಕರುಣಾಜನಕವಾಗಿದ್ದರೂ ಆಟಗಾರ ಅವನನ್ನು ಸಹಿಸುವುದಿಲ್ಲ. 2013ರ ಬಯೋಶಾಕ್ ಇನ್ಫಿನಿಟ್ ಆಟದ ಎಲಿಜಬೆತ್‌ಳನ್ನು ಕಾದಾಟದಲ್ಲಿ ಆಟಗಾರ ಕಾಯಬೇಕಿಲ್ಲ. ಬದಲಿಗೆ ಅವಳೇ ಗುಂಡು, ಔಷಧಿ ಹುಡುಕಿ ಬೇಕಾದ ಹೊತ್ತಿಗೆ ಎಸೆಯುತ್ತಾಳೆ. ದಿ ಲಾಸ್ಟ್ ಆಫ್ ಅಸ್‌ನಲ್ಲಿ ಜೋಯಲ್ ಅಡಗಿ ಸಾಗುವಾಗ ಎಲ್ಲೀ ಶತ್ರುವಿನ ಎದುರಿಗೇ ಓಡಿಹೋದರೂ ಆಟ ಅವಳನ್ನು ಕಂಡಂತೆ ಲೆಕ್ಕ ಹಿಡಿಯುವುದಿಲ್ಲ. ಇದು ನೈಜತೆಗೆ ತುಸು ವಿರುದ್ಧ, ಆದರೆ ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಪ್ರೋಗ್ರಾಮಿನ ತಪ್ಪಿಗೆ ಪಾತ್ರವನ್ನು ದೂಷಿಸುವಂತೆ ಎಂದೂ ಮಾಡಬಾರದು.

ಹೇಳಿದ ಮಾತನ್ನು ಪಾತ್ರ ಉದ್ದೇಶಪೂರ್ವಕವಾಗಿ ಕೇಳದಿರುವುದು ಬೇರೆ. 2016ರ ದಿ ಲಾಸ್ಟ್ ಗಾರ್ಡಿಯನ್ ಆಟದ ಟ್ರೀಕೊ ಎಂಬ ದೈತ್ಯ ಪ್ರಾಣಿ ಹುಡುಗ ಹೇಳಿದ ಕೂಡಲೇ ಕೆಲಸ ಮಾಡುವುದಿಲ್ಲ; ನೋಡುತ್ತದೆ, ಹಿಂಜರಿಯುತ್ತದೆ, ಆಮೇಲೆ ಮಾಡುತ್ತದೆ. ಕೆಲವರಿಗೆ ಅದು ಜೀವಂತ ಪ್ರಾಣಿಯೆನ್ನಿಸಿತು, ಕೆಲವರಿಗೆ ತಲೆನೋವೆನ್ನಿಸಿತು. ಈ ದಾರಿ ಹಿಡಿಯುವುದಾದರೆ ಪ್ರಾಣಿ ಹಿಂಜರಿಯುತ್ತಿದೆ ಎಂಬುದು ಅದರ ಮೈಯಲ್ಲಿ ಕಾಣುವಂತಿರಲಿ, ಇಲ್ಲವಾದರೆ ಗುಂಡಿ ಕೆಟ್ಟಿದೆ ಎಂದೇ ಆಟಗಾರ ಭಾವಿಸುತ್ತಾನೆ.

ಹಂತ 4: ಈಗ ಮಾತು ಬರೆಯಿರಿ

ಮೊದಲು ಬಾರ್ಕ್‌ಗಳನ್ನು ಬರೆಯಿರಿ, ದೊಡ್ಡ ದೃಶ್ಯಗಳನ್ನು ಆಮೇಲೆ. ಆಟಗಾರ ಬಾರ್ಕ್‌ಗಳನ್ನು ಕೇಳುವಷ್ಟು ಬಾರಿ ಬೇರೇನನ್ನೂ ಕೇಳುವುದಿಲ್ಲ, ಮತ್ತು ಅಲ್ಲಿಯೇ ಸಂಬಂಧ ದಿನದಿನಕ್ಕೆ ಬದಲಾಗುವುದನ್ನು ಕೇಳಿಸಬಹುದು. ಶಾರದಾ ದೀಪ ಕೇಳುವ ಒಂದೇ ಮಾತನ್ನು ಆಟದ ಬೇರೆ ಬೇರೆ ಘಟ್ಟಗಳಲ್ಲಿ ನೋಡಿ:

ಮೊದಲ ಸುರಂಗದಲ್ಲಿ: "ಏ ಹುಡುಗ, ದೀಪ ಇತ್ತ ಹಿಡಿ."
ಮೂರನೆಯದರಲ್ಲಿ: "ಮನು, ದೀಪ."
ಇನ್ನೂ ಆಳದಲ್ಲಿ: "ಸ್ವಲ್ಪ ಹಿಡಿಯಪ್ಪ, ಕೈ ನೋಯುತ್ತಿದ್ದರೆ ಬದಲಾಯಿಸಿಕೋ."
ಪುಸ್ತಕ ಸಿಕ್ಕ ಮೇಲೆ, ಅವನು ತಾನಾಗಿ ದೀಪ ಎತ್ತಿದಾಗ: "ಬೇಡ. ನೀವು ನಿಮ್ಮ ದಾರಿ ನೋಡಿಕೊಳ್ಳಿ."

ಕನ್ನಡದಲ್ಲಿ ಬರೆಯುವವರಿಗೆ ಏಕವಚನ ಬಹುವಚನಗಳ ಈ ಭೇದ ದೊಡ್ಡ ವರ. ಏಕವಚನದಲ್ಲಿ ಗದರುತ್ತಿದ್ದವಳು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದರೆ ಅದು ಗೌರವವಲ್ಲ, ಮುಚ್ಚಿದ ಬಾಗಿಲು ಎಂಬುದು ಕನ್ನಡ ಬಲ್ಲ ಯಾರಿಗೂ ವಿವರಿಸದೆ ತಿಳಿಯುತ್ತದೆ. ಹಾಗೆಯೇ ಮನು ಅವಳನ್ನು ಮೊದಲು ಮೇಡಂ ಎಂದು ಕರೆದು, ಯಾವ ಘಟ್ಟದಲ್ಲಿ ಶಾರದಮ್ಮ ಎನ್ನತೊಡಗುತ್ತಾನೆ ಎಂಬುದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಅನೇಕ ಬರಹಗಾರರು ಸಂಭಾಷಣೆ ಬರೆಯುವಾಗ ಯಾವುದೋ ದೃಶ್ಯದಲ್ಲಿ ನೀನು, ಇನ್ನಾವುದೋ ದೃಶ್ಯದಲ್ಲಿ ನೀವು ಎಂದು ಗಮನವಿಲ್ಲದೆ ಬೆರೆಸಿಬಿಡುತ್ತಾರೆ. ಕವಲೊಡೆಯುವ ಕಥೆಯಲ್ಲಿ ದೃಶ್ಯಗಳನ್ನು ಕ್ರಮವಾಗಿ ಬರೆಯುವುದಿಲ್ಲವಾದ್ದರಿಂದ ಈ ತಪ್ಪು ಇನ್ನೂ ಸುಲಭವಾಗಿ ನುಸುಳುತ್ತದೆ. ಕರೆಯುವ ಬಗೆಗಾಗಿಯೇ ಒಂದು ವೇರಿಯಬಲ್ ಇಡುವುದು ಇದಕ್ಕೆ ಗಟ್ಟಿ ಉಪಾಯ.

ಮಾತಿಗೆ ಸಂಬಂಧಿಸಿದ ಇನ್ನೂ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಅಡ್ಡಿಯಾದ ಮಾತು. ಆಟಗಾರ ಮಾತು ಮುಗಿಯುವವರೆಗೆ ನಿಲ್ಲುವವನಲ್ಲ, ಓಡಿಹೋಗುತ್ತಾನೆ, ಜಗಳಕ್ಕೆ ಇಳಿಯುತ್ತಾನೆ. 2018ರ ಗಾಡ್ ಆಫ್ ವಾರ್ ಆಟದಲ್ಲಿ ದೋಣಿಯಲ್ಲಿ ಹೋಗುವಾಗ ಕಥೆ ಹೇಳುತ್ತಾರೆ. ದಡ ಸೇರಿದರೆ ಕಥೆ ಅಲ್ಲಿಗೆ ನಿಲ್ಲುತ್ತದೆ, ಮತ್ತೆ ದೋಣಿ ಹತ್ತಿದಾಗ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಕತ್ತರಿಸಿದ ಮಾತನ್ನು ಮತ್ತೆ ಎತ್ತಿಕೊಳ್ಳುವುದು ಒಟ್ಟಿಗೆ ಬಾಳುವವರ ಲಕ್ಷಣ. ಆದ್ದರಿಂದ ಪ್ರತಿ ಉದ್ದನೆಯ ಮಾತಿಗೂ ಒಂದು ನಿಲ್ಲಿಸುವ ಸಾಲು, ಒಂದು ಮತ್ತೆ ಹಿಡಿಯುವ ಸಾಲು ಬರೆದಿಡಿ. ಎರಡನೆಯದು, ಮೌನ. 2012ರಲ್ಲಿ ಟೆಲ್‌ಟೇಲ್ ತಂದ ದಿ ವಾಕಿಂಗ್ ಡೆಡ್ ಆಟದಲ್ಲಿ ಉತ್ತರ ಕೊಡಲು ಸಮಯದ ಮಿತಿಯಿತ್ತು, ಸುಮ್ಮನಿರುವುದೂ ಒಂದು ಉತ್ತರವೆಂದು ಎಣಿಕೆಯಾಗುತ್ತಿತ್ತು. 2016ರ ಫೈರ್‌ವಾಚ್‌ನಲ್ಲಿ ಹೆನ್ರಿ, ಡಿಲೈಲಾ ಎಂಬಿಬ್ಬರು ಪರಸ್ಪರ ಮುಖವನ್ನೇ ನೋಡದೆ ವಾಕಿಟಾಕಿಯಲ್ಲಿ ಮಾತ್ರ ಮಾತನಾಡುತ್ತಾರೆ; ಅಲ್ಲಿಯೂ ಉತ್ತರ ಕೊಡದೆ ಬಿಡಬಹುದು, ಆ ಕಡೆಯ ದನಿ ಅದನ್ನು ಗಮನಿಸುತ್ತದೆ. ನಿಮ್ಮ ಆಟದಲ್ಲಿ ಮೌನಕ್ಕೂ ಪ್ರತಿಕ್ರಿಯೆ ಬರೆಯಿರಿ.

ಪಾತ್ರಗಳು ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಆಟಗಾರನಿಗಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು, ನಾವಿಬ್ಬರೂ ಹತ್ತು ವರ್ಷದ ಗೆಳೆಯರಲ್ಲವೇ ಎಂಬಂಥ ಸಾಲುಗಳನ್ನು, ಕಂಡಲ್ಲಿ ಅಳಿಸಿ.

ಹಂತ 5: ಆಟಕ್ಕೆ ನೆನಪು ಕೊಡಿ

ಸಂಬಂಧವನ್ನು ಅಂಕಗಳಲ್ಲಿ ಅಳೆಯುವುದು ತುಂಬ ಹಳೆಯ ರೂಢಿ. 2016ರ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ 250 ಅಂಕಕ್ಕೆ ಒಂದು ಹೃದಯ. ಮಾತನಾಡಿಸಿದರೆ ಇಷ್ಟು, ಮೆಚ್ಚಿನ ಉಡುಗೊರೆ ಕೊಟ್ಟರೆ ಇಷ್ಟು, ಹುಟ್ಟಿದ ದಿನ ಕೊಟ್ಟರೆ ಎಂಟು ಪಟ್ಟು. ಋತುಚಕ್ರಕ್ಕೆ ತಕ್ಕಂತೆ ನಿಧಾನವಾಗಿ ಸಾಗುವ ಆ ಆಟಕ್ಕೆ ಅದು ಹೊಂದುತ್ತದೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಪ್ರತಿ ಸಂಗಾತಿಗೂ ಮೈನಸ್ 100ರಿಂದ 100ರವರೆಗೆ ಮೆಚ್ಚುಗೆಯ ಅಳತೆಪಟ್ಟಿ ಇತ್ತು. ಆದರೆ ತತ್ವದ ವಿಷಯದಲ್ಲಿ ಮುನಿಸಿಕೊಂಡವರನ್ನೂ ಉಡುಗೊರೆ ಕೊಟ್ಟು ಒಲಿಸಿಕೊಳ್ಳಬಹುದಿತ್ತು. ಹೀಗಾದಾಗ ಮುನಿಸಿಗೂ ಬೆಲೆ ಇಲ್ಲ, ಒಲವಿಗೂ ಬೆಲೆ ಇಲ್ಲ. 2011ರಲ್ಲಿ ಬಂದ ಎರಡನೆಯ ಡ್ರ್ಯಾಗನ್ ಏಜ್ ಆಟ ಸ್ನೇಹದ ಎದುರು ತುದಿಗೆ ಪೈಪೋಟಿಯನ್ನು ಇಟ್ಟಿತು: ನಿಮ್ಮೊಡನೆ ಸದಾ ವಾದಿಸುವ ಸಂಗಾತಿಯೂ ಗಾಢವಾಗಿ ಹತ್ತಿರವಾಗಬಹುದು. ಮನುಷ್ಯರ ವಿಷಯದಲ್ಲಿ ಇದು ಹೆಚ್ಚು ನಿಜವೆಂದು ನನಗನ್ನಿಸುತ್ತದೆ.

ಒಂದೇ ದೊಡ್ಡ ಅಂಕಕ್ಕಿಂತ ಹಲವು ಚಿಕ್ಕ ನೆನಪುಗಳು ಮೇಲು. ಮನು ಶಾರದಾಳನ್ನು 63ರಷ್ಟು ಮೆಚ್ಚುತ್ತಾನೆ ಎಂಬುದರಿಂದ ಯಾವ ವಾಕ್ಯವೂ ಹುಟ್ಟುವುದಿಲ್ಲ. ಅವಳು ಸಲಾಕೆ ಎತ್ತಿದಾಗ ಅವನು ಎಷ್ಟು ಸಲ ನಿಲ್ಲದೆ ಹೋದ, ಅವಳು ಕೇಳುವ ಮೊದಲೇ ಎಷ್ಟು ಸಲ ದೀಪ ಎತ್ತಿದ, ತಮ್ಮನ ಹೆಸರು ಕೇಳಿದನೋ ಇಲ್ಲವೋ ಎಂಬ ಮೂರು ವೇರಿಯಬಲ್‌ಗಳಿಂದ ಹತ್ತಾರು ವಾಕ್ಯಗಳು ಹುಟ್ಟುತ್ತವೆ. ಉದಾಹರಣೆಗೆ, ಕೇಳದೆಯೇ ಮೂರು ಸಲ ದೀಪ ಎತ್ತಿದ್ದರೆ ನಾಲ್ಕನೆಯ ಗುರುತಿನ ಬಳಿ ಶಾರದಾ ದೀಪ ಕೇಳುವುದೇ ಇಲ್ಲ, ಸುಮ್ಮನೆ ನಿಂತು ಕಾಯುತ್ತಾಳೆ. ಮುಂದೆ ಎಲ್ಲೋ ಕುಳಿತು ದಣಿವಾರಿಸಿಕೊಳ್ಳುವಾಗ, "ನಾನು ಬಾಯಿ ಬಿಡುವ ಮೊದಲೇ ದೀಪ ತರುತ್ತೀಯಲ್ಲ, ನನ್ನ ತಮ್ಮನೂ ಹೀಗೇ" ಎನ್ನುತ್ತಾಳೆ. ಈ ಸಾಲು ಆ ಮೂರು ಸಲ ದೀಪ ಎತ್ತಿದ ಆಟಗಾರನಿಗೆ ಮಾತ್ರ ಸಿಗುತ್ತದೆ, ಮತ್ತು ತಾನು ಗಳಿಸಿದ್ದೆಂದು ಅವನಿಗೆ ಅನ್ನಿಸುತ್ತದೆ.

ತಾಂತ್ರಿಕವಾಗಿ ಇದನ್ನು ಮಾಡುವ ಒಳ್ಳೆಯ ವಿಧಾನವೊಂದನ್ನು ವಾಲ್ವ್ ಸಂಸ್ಥೆಯ ಎಲಾನ್ ರಸ್ಕಿನ್ 2012ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ್ದರು. ಪ್ರತಿ ಸಾಲಿಗೂ ಷರತ್ತುಗಳ ಪಟ್ಟಿ ಇರುತ್ತದೆ. ಆ ಕ್ಷಣದ ಸ್ಥಿತಿಗೆ ಹೊಂದುವ ಸಾಲುಗಳಲ್ಲಿ ಯಾವುದಕ್ಕೆ ಹೆಚ್ಚು ಷರತ್ತುಗಳಿವೆಯೋ ಅದನ್ನೇ ಆಟ ಆರಿಸುತ್ತದೆ. ಷರತ್ತಿಲ್ಲದ ಸಾಮಾನ್ಯ ಸಾಲು ಯಾವಾಗಲೂ ಕೆಳಗಿರುತ್ತದೆ, ವಿಶೇಷ ಸಾಲು ಸಿಕ್ಕರೆ ಅದು ಮೇಲೆ ಬರುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಬರಹಗಾರರು ಕವಲುಗಳ ಜಾಲವನ್ನು ಕೆಡಿಸದೆ ಹೊಸ ಸಾಲುಗಳನ್ನು ಸೇರಿಸುತ್ತ ಹೋಗಬಹುದು.

ಇಲ್ಲಿನ ಅಪಾಯ ನೆನಪನ್ನು ಪ್ರದರ್ಶನಕ್ಕಿಡುವುದು. ದಿ ವಾಕಿಂಗ್ ಡೆಡ್‌ನಲ್ಲಿ ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಮೂಡಿದಾಗ ಮೈ ಜುಮ್ಮೆನ್ನುತ್ತಿತ್ತು, ಏಕೆಂದರೆ ಅವಳು ಮಗು, ನಾವು ಅವಳ ಮುಂದೆ ನಡೆದುಕೊಳ್ಳುತ್ತಿದ್ದೆವು. ಸೂಚನೆಯನ್ನಷ್ಟೇ ನಕಲು ಮಾಡಿ, ಆಮೇಲೆ ಏನನ್ನೂ ನೆನಪಿಸಿಕೊಳ್ಳದ ಆಟದ ಮೇಲೆ ಆಟಗಾರನಿಗೆ ಒಮ್ಮೆ ಹೋದ ನಂಬಿಕೆ ಮರಳುವುದಿಲ್ಲ. 2019ರ ಡಿಸ್ಕೊ ಎಲಿಸಿಯಂನಲ್ಲಿ ಕಿಮ್ ಕಿತ್ಸುರಾಗಿ ಎಂಬ ಸಹೋದ್ಯೋಗಿ ನಿಮ್ಮ ಬಗ್ಗೆ ಏನೆಂದುಕೊಂಡಿದ್ದಾರೆ ಎಂದು ತೋರಿಸುವ ಪಟ್ಟಿ ಪರದೆಯ ಮೇಲೆ ಎಲ್ಲೂ ಇಲ್ಲ. ಆದರೂ ಅವರ ಮುಂದೆ ಅಸಭ್ಯವಾಗಿ ನಡೆದುಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಸಾಧ್ಯವಾದಷ್ಟೂ ಅಳತೆಪಟ್ಟಿಯನ್ನು ಮರೆಯಲ್ಲಿಡಿ.

ಹಂತ 6: ಮುರಿಯಿರಿ, ಸುಲಭವಾಗಿ ಕೂಡಿಸಬೇಡಿ

ಏರುತ್ತಲೇ ಹೋಗುವ ಸಂಬಂಧವನ್ನು ಯಾರೂ ನಂಬುವುದಿಲ್ಲ. ಹಂತ 1ರಲ್ಲಿ ಮುಚ್ಚಿಟ್ಟದ್ದು ಎಂದು ಬರೆದದ್ದನ್ನು ಈಗ ಹೊರಗೆಳೆಯಿರಿ, ಮತ್ತು ಅದು ಹೊರಬರುವ ಹೊತ್ತಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಹೋಗಲಾಗದ ಸ್ಥಿತಿ ಇರಲಿ. ಶಾರದಾ ಸಿಟ್ಟಿನಲ್ಲಿದ್ದರೂ ಗಣಿ ಇನ್ನೂ ಕತ್ತಲೇ, ಬಂಡೆ ಇನ್ನೂ ಸಡಿಲವೇ.

ಕೂಡಿಸುವ ಬಗೆಯಲ್ಲಿ ಹೆಚ್ಚಿನ ಆಟಗಳು ಎಡವುತ್ತವೆ. ಕ್ಷಮಿಸಿ ಎಂಬ ಆಯ್ಕೆಯನ್ನು ಒತ್ತಿದರೆ ಎಲ್ಲವೂ ಸರಿಹೋಗುವಂತೆ ಮಾಡಬೇಡಿ. ಕ್ಷಮೆ ಕೇಳುವುದು ಆಟಗಾರನ ಕೈಯಲ್ಲಿರಲಿ, ಕ್ಷಮಿಸುವುದು ಎದುರಿನವರ ಕೈಯಲ್ಲಿ. ಶಾರದಾ ಬೆಳಕಿನ ಆಚೆ ನಡೆಯುತ್ತಿರುವಾಗಲೂ ಆಟಗಾರ ಪ್ರತಿ ಗುರುತಿನ ಬಳಿ ದೀಪ ಎತ್ತುತ್ತಲೇ ಇದ್ದರೆ, ಉತ್ತರ ಬರದಿದ್ದರೂ ಎತ್ತುತ್ತಲೇ ಇದ್ದರೆ, ಒಂದು ಕಡೆ ಅವಳು ತಿರುಗದೆಯೇ ಗೋಡೆಯಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಬೆಳಕಿಗೆ ಜಾಗ ಬಿಡುತ್ತಾಳೆ. ಅಷ್ಟೇ ಸಾಕು. ದೀಪ ಎತ್ತುವುದನ್ನು ಬಿಟ್ಟ ಆಟಗಾರನಿಗೆ ಆ ಅರ್ಧ ಹೆಜ್ಜೆ ಸಿಗುವುದಿಲ್ಲ, ಅವನ ಆಟ ಅದಿಲ್ಲದೆಯೇ ಮುಗಿಯುತ್ತದೆ, ಮತ್ತು ಅದೂ ಪೂರ್ಣವಾದ ಕಥೆಯೇ ಆಗಿರಬೇಕು.

ಪ್ರೇಮದ ಕಥೆ ಬರೆಯುವವರು ಇದನ್ನು ಇನ್ನೂ ಎಚ್ಚರದಿಂದ ಪಾಲಿಸಬೇಕು. ಸಾಕಷ್ಟು ಒಳ್ಳೆಯ ಮಾತಾಡಿದರೆ ಎದುರಿನವರು ಒಲಿಯಲೇಬೇಕೆಂಬ ಲೆಕ್ಕ ಪಾತ್ರವನ್ನು ಬಹುಮಾನವಾಗಿ ಮಾಡಿಬಿಡುತ್ತದೆ. ಒಪ್ಪದಿರಲು ಕಾರಣಗಳಿರುವ ಪಾತ್ರ ಒಪ್ಪಿದಾಗಲೇ ಅದಕ್ಕೆ ತೂಕ.

ಹಂತ 7: ಆಡಿಸಿ ನೋಡಿ

ಪಾತ್ರಗಳಿಗೆ ಚಿತ್ರ, ದನಿ ಬರುವ ಮೊದಲೇ, ಬರೀ ಚೌಕಗಳು ಓಡಾಡುವ ಹಂತದಲ್ಲೇ ಪ್ಲೇಟೆಸ್ಟ್ ಮಾಡಿ. ಪಕ್ಕದಲ್ಲಿ ಕುಳಿತು ವಿವರಿಸಬೇಡಿ. ಆಟ ಮುಗಿದ ಮೇಲೆ ಈ ಸಂಬಂಧ ಇಷ್ಟವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಇವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಿ, ಉತ್ತರವನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಮಾತುಗಳನ್ನೆಲ್ಲ ತೆಗೆದು ಒಮ್ಮೆ ಆಡಿಸಿದಾಗಲೂ ಹೆಚ್ಚುಕಡಿಮೆ ಅದೇ ಉತ್ತರ ಬಂದರೆ ಹಂತ 2 ಗಟ್ಟಿಯಾಗಿದೆ.

ಅದಕ್ಕಿಂತ ಮುಖ್ಯವಾಗಿ ಅವರ ಕೈಯನ್ನು ನೋಡಿ. ಆಟ ಬೇಕೆನ್ನದ ಕಡೆ ಅವರು ಏನು ಮಾಡುತ್ತಾರೆ? ಶಾರದಾ ಹಿಂದುಳಿದಾಗ ಬಾಗಿಲು ತೆರೆದಿದ್ದರೂ ಒಬ್ಬ ಆಟಗಾರ ದಾಟದೆ ತಿರುಗಿ ನಿಂತರೆ, ಅವಳು ಬರುವವರೆಗೆ ದೀಪವನ್ನು ಅವಳ ದಾರಿಯ ಕಡೆ ಹಿಡಿದರೆ, ಅದು ಯಾವ ಸ್ಥಳ, ಆಗ ಯಾವ ಸಾಲು ಕೇಳಿಸಿತ್ತು, ಎಷ್ಟು ಹೊತ್ತು ನಿಂತರು ಎಂಬುದನ್ನು ಗುರುತು ಹಾಕಿಕೊಳ್ಳಿ. ಮೂರನೆಯ ಸುರಂಗ ಮುಗಿಯುವ ಹೊತ್ತಿಗೆ ಯಾರೊಬ್ಬರೂ ಹಾಗೆ ನಿಲ್ಲದಿದ್ದರೆ ಸಂಭಾಷಣೆಯನ್ನು ತಿದ್ದಲು ಕೂರಬೇಡಿ. ಹಂತ 2ಕ್ಕೆ ಹಿಂತಿರುಗಿ, ಮನುವಿನ ಕೈಗೆ ಬೇರೆ ಕೆಲಸವೊಂದನ್ನು ಕೊಟ್ಟು, ಅದೇ ಸುರಂಗಗಳನ್ನು ಇನ್ನೊಬ್ಬರಿಂದ ಆಡಿಸಿ.